ಎಡಗಡೆಯ ಸೀಟು

ಬೋರಲಿಂಗಯ್ಯ ಗೌಡರು ಕಾರಿನಿಂದ ಇಳಿಯದೆಯೇ ಮಾತಾಡುವುದು ಮಕ್ಬೂಲನಿಗೆ ಹೊಸದಲ್ಲ. ಶೆಡ್ಡಿನ ಮುಂದೆ ನಿಲ್ಲಿಸಿ ಎರಡು ಸಲ ಹಾರನ್ ಒತ್ತಿದರೆ ಅವನೇ ಎದ್ದು ಹೋಗಬೇಕು. ಆ ಮಧ್ಯಾಹ್ನ ಅವನು ಲಾರಿಯೊಂದರ ಕೆಳಗೆ ಮಲಗಿದ್ದ. ಹೊರಗೆ ಬರಲು ಮೊದಲು ಮೊಣಕೈ ಊರಬೇಕು, ಆಮೇಲೆ ಸೊಂಟ ತಿರುಗಿಸಬೇಕು, ಆಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಿರಬೇಕು. ಐವತ್ತೆರಡು ವರ್ಷದ ಬೆನ್ನು ಈಗ ಇಷ್ಟನ್ನು ಕೇಳುತ್ತದೆ.

"ಎಡಗಡೆ ಸೀಟು ಬಿಚ್ಚಾಕ್ಬುಡಿ ಸಾಬ್ರೆ," ಎಂದರು ಗೌಡರು. "ಆ ಜಾಗಕ್ಕೆ ಒಂದು ತಗಡಿನ ಪೆಟ್ಟಿಗೆ ಕೂರ್ಸಿ, ಗೂಡಿನ ಚೀಲ ಇಡಾಕೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬೇಕು."

"ಸೀಟ್ ಯಾಕೆ ಗೌಡ್ರೆ? ಚೆನ್ನಾಗೈತಲ್ಲ."

"ಕಾರು ವಾಲ್ತದೆ ಕಣ್ರೀ. ನಮ್ಮನೆಯವಳು ಕೂತೂ ಕೂತೂ ಎಡಗಡೆ ಸ್ಪ್ರಿಂಗು ಕುಸಿದೋಗೈತೆ. ಊರೇ ನಗ್ತದೆ."

"ಒಸಿ ನೋಡ್ತೀನಿ, ಆಮೇಲೆ..."

"ನೋಡಾದೇನೈತೆ? ಎಲ್ರಿಗೂ ಕಾಣ್ತದೆ." ಗೌಡರು ಇಳಿದು ಪಂಚೆ ಕೊಡವಿಕೊಂಡು ರೇಷ್ಮೆಗೂಡಿನ ಮಾರ್ಕೆಟ್ಟಿನ ಕಡೆಗೆ ನಡೆದರು. ಅವರ ಬೆನ್ನ ಹಿಂದೆ ಕಾರು ಎಡಕ್ಕೆ ಒರಗಿಕೊಂಡು ನಿಂತಿತು.

ರೇಷ್ಮೆಗೆ ರೇಟು ಏರಿದ ಆ ವರ್ಷಗಳಲ್ಲಿ ರಾಮನಗರದ ಸುತ್ತ ಒಬ್ಬೊಬ್ಬರೂ ಒಂದೊಂದು ಕೊಂಡರು. ಒಬ್ಬರು ಟ್ರ್ಯಾಕ್ಟರ್, ಇನ್ನೊಬ್ಬರು ಮನೆಯ ಮೇಲೊಂದು ಮೊಸಾಯಿಕ್ ಮಹಡಿ. ಕೂಟಗಲ್ಲಿನ ಬೋರಲಿಂಗಯ್ಯನವರು ಬೆಂಗಳೂರಿನ ಯಾವುದೋ ಹಳೆಯ ಬಂಗಲೆಯಿಂದ ಇಂಗ್ಲೆಂಡಿನ ಎರಡು ಸೀಟಿನ ಕಾರು ತಂದರು. ಇಪ್ಪತ್ತೈದು ವರ್ಷ ಹಳೆಯದು. ಮೇಲೆ ಚಾವಣಿಯಿಲ್ಲ, ಕೆಳಗೆ ನೆಲಕ್ಕೆ ಗೇಣು ಅಂತರ. ಊರಿನವರು ಅದನ್ನು ಚಪ್ಪಲಿ ಕಾರು ಎನ್ನುತ್ತಿದ್ದರು. ಎಷ್ಟು ನಕ್ಕರೂ ಅದು ಬಂದರೆ ಎದ್ದು ನೋಡುತ್ತಿದ್ದರು.

ಪಕ್ಕದ ನೂಲು ತೆಗೆಯುವ ಶೆಡ್ಡಿನಿಂದ ಅಮೀರ್ ಕೈ ಒರೆಸಿಕೊಳ್ಳುತ್ತ ಬಂದ. ಅವನು ಬಂದರೆ ಬೆಂದ ಹುಳದ ವಾಸನೆಯೂ ಜೊತೆಗೇ ಬರುತ್ತಿತ್ತು.

"ಗೌಡ್ರು ಗೌಡ್ತಮ್ಮನ್ನ ಕಾರಿಂದ ಇಳಿಸಿ ತಿಂಗಳಾಯ್ತು, ಅವ್ರ ಭಾರ ಇನ್ನೂ ಇಳಿದಿಲ್ವಲ್ಲೋ," ಎಂದು ಕಾರಿಗೊಂದು ಸುತ್ತು ಬಂದ.

"ನಿನ್ನ ಬಾಣಲಿ ಉಕ್ತಾ ಐತೆ, ಹೋಗು."

"ಸೀಟು ಬಿಚ್ಚಿ ಕೊಟ್ಬುಡೋ. ನಾಲ್ಕು ಬೋಲ್ಟು. ನಿಂಗ್ಯಾಕೆ ಬೇಕು?"

ಹೌದು, ನಾಲ್ಕೇ ಬೋಲ್ಟು. ಮಕ್ಬೂಲ್ ಸ್ಪ್ಯಾನರ್ ಹಿಡಿದು ಸೀಟಿನ ಪಕ್ಕ ಕೂತ. ಮೊದಲನೇ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿಯೂ ಆಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಗೌಡರ ಹೆಂಡತಿ ಕಾವೇರಮ್ಮ. ಬಸ್ಸಿಳಿದು ಬಂದಿದ್ದರು. ಕಂಕುಳಲ್ಲಿ ಹುಳದ ಮನೆಗೆಂದು ಕೊಂಡ ಸುಣ್ಣದ ಪುಡಿಯ ಚೀಲ, ಬೆರಳ ತುದಿಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆ. ಕಣ್ಣು ಕೆಂಪಗಿತ್ತು. ಅದು ಅತ್ತ ಕೆಂಪಲ್ಲ, ನಿದ್ದೆಗೆಟ್ಟ ಕೆಂಪು ಎಂದು ಮಕ್ಬೂಲನಿಗೆ ತಿಳಿಯಿತು.

"ಬಿಚ್ಬುಟ್ರಾ ಮಕ್ಬೂಲಣ್ಣ?"

"ಇನ್ನೂ ಇಲ್ಲ ಅಮ್ಮಾರೆ."

ಆಕೆ ಕಾರನ್ನು ನೋಡಿದರು. "ನಿಜ ಹೇಳಿ. ನನ್ನಿಂದ್ಲೇ ಆಗಿರೋದಾ?"

"ಇನ್ನೂ ನೋಡಿಲ್ಲ."

"ತಿಂಗಳಿಂದ ರಾತ್ರಿ ಮುದ್ದೆ ಬುಟ್ಟಿವ್ನಿ. ಅಷ್ಟಕ್ಕೂ ಅದು ಮೇಲಕ್ಕೇಳ್ಲಿಲ್ಲ." ನಗಲು ನೋಡಿದರು, ಆಗಲಿಲ್ಲ. "ಸೀಟು ಯಾರಿಗ್ಬೇಕು ಹೇಳಿ. ಹುಳ ನಾಲ್ಕನೇ ಜ್ವರ ಕಳೆದು ಎದ್ದ ಮ್ಯಾಲೆ ದಿನಕ್ಕೈದು ಸಲ ಸೊಪ್ಪು ಕೊಟ್ಟಿವ್ನಿ, ಒಂದು ವಾರ ನೆಟ್ಟಗೆ ಮಲಗಿಲ್ಲ. ನಾನು ಬೆಳೆದ ಗೂಡು ಹರಾಜಾಗೋದ್ನ ನಾನೇ ನೋಡ್ಬಾರ್ದಾ? ಬಸ್ಸು ಹಿಡ್ಕೊಂಡು ಬರೋ ಹೊತ್ಗೆ ಎಲ್ಲಾ ಮುಗಿದಿರ್ತದೆ. ಕಾರಾದ್ರೆ ಅವ್ರ ಜೊತೇಲೇ ಬತ್ತಿದ್ದೆ. ಒಂದ್ಸಲ ಈ ಪೆಟ್ಟಿಗೆ ಕೂತ್ರೆ ಆಯ್ತು, ಇನ್ಯಾವತ್ತೂ ನಂಗೆ ಜಾಗ ಇಲ್ಲ."

ಮಕ್ಬೂಲ್ ಸ್ಪ್ಯಾನರನ್ನು ಕೆಳಗಿಟ್ಟ. "ನೋಡ್ತೀನಿ ಅಮ್ಮಾರೆ. ನಿಮ್ಮಿಂದಾನೇ ಆಗಿದ್ರೆ ಅದನ್ನೂ ಹೇಳ್ತೀನಿ."

"ಹೇಳಿ," ಎಂದು ಆಕೆ ಬಸ್ಸಿಗೆ ಹೊರಟರು.

ಅವನು ಮೊದಲು ನಾಲ್ಕೂ ಟೈರಿನ ಗಾಳಿ ಸಮ ಮಾಡಿದ. ವಾಲುವುದು ಹೋಗಲಿಲ್ಲ. ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿದ. ಹೋಗಲಿಲ್ಲ. ಶೆಡ್ಡಿನ ನೆಲವೇ ಇಳಿಜಾರಿರಬಹುದು ಎಂದು ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದ; ನೆಲ ಕಾಲಿಂಚು ಇಳಿಜಾರಿತ್ತು, ಆದರೆ ಬಲಕ್ಕೆ. ಕಾರನ್ನು ತಿರುಗಿಸಿ ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದ. ಹಿಂದಿನ ಎಡಗಡೆ, ಬಲಗಡೆಗಿಂತ ಒಂದೂವರೆ ಇಂಚು ಕೆಳಗೆ. ಪ್ರತಿ ಸಲ ಬಗ್ಗಿದಾಗಲೂ ಬೆನ್ನು ಅವನಿಗೆ ಅಮೀರನ ಮಾತನ್ನೇ ಹೇಳುತ್ತಿತ್ತು: ನಿಂಗ್ಯಾಕೆ ಬೇಕು?

ಕಾರಿನ ಮುಂಭಾಗವನ್ನು ಸರಿಯಾಗಿ ನಡುವೆ ಜಾಕ್ ಕೊಟ್ಟು ಎತ್ತಿದ. ತಪ್ಪು ಮುಂದಿನ ಸ್ಪ್ರಿಂಗಿನದಾಗಿದ್ದರೆ ಈಗ ಹಿಂಭಾಗ ನೆಟ್ಟಗಾಗಬೇಕು. ಆಗಲಿಲ್ಲ. ಹಾಗಾದರೆ ತಪ್ಪು ಹಿಂದೆಯೇ.

ಸಂಜೆಯ ಹೊತ್ತಿಗೆ ಹಿಂದಿನ ಎರಡೂ ಪ್ಲೇಟ್ ಸ್ಪ್ರಿಂಗುಗಳನ್ನು ಬಿಚ್ಚಿ, ಗೋಣಿಯ ಮೇಲೆ ಪಕ್ಕಪಕ್ಕ ಮಲಗಿಸಿದ. ಎಡಗಡೆಯದು ಚಪ್ಪಟೆಯಾಗಿರುತ್ತದೆ ಎಂದುಕೊಂಡಿದ್ದ. ಇರಲಿಲ್ಲ. ಕಮಾನು ಹೇಗಿರಬೇಕೋ ಹಾಗೇ ಇತ್ತು. ಉಬ್ಬಿದ್ದು ಬಲಗಡೆಯದು. ಎಡದಲ್ಲಿ ಪ್ಲೇಟು ಆರು. ಬಲದ್ದನ್ನು ಎಣಿಸಿದ, ಏಳು. ಇನ್ನೊಮ್ಮೆ ಎಣಿಸಿದ. ಏಳನೆಯದು ಜೀಪಿನ ಪ್ಲೇಟು. ತುದಿಯನ್ನು ಓರೆಯಾಗಿ ಕತ್ತರಿಸಿ ಅರದಿಂದ ತೀಡಲಾಗಿತ್ತು. ರಾಮನಗರದಲ್ಲಿ ಹಾಗೆ ತೀಡುವವನು ಒಬ್ಬನೇ.

ಎರಡು ವರ್ಷದ ಹಿಂದೆ, ಮಾಗಡಿ ರಸ್ತೆಯಲ್ಲಿ ಬಲಗಡೆಯ ಪ್ಲೇಟು ಮುರಿದಾಗ ಕಾರು ಇಲ್ಲಿಗೇ ಬಂದಿತ್ತು. ಗೌಡರು ಆಗಲೂ ಇಳಿದಿರಲಿಲ್ಲ. ಜಾಕ್ ಕೊಟ್ಟು ಎತ್ತಿದಾಗಲೂ ಪೇಪರ್ ಬಿಡಿಸಿಕೊಂಡು ಸೀಟಿನಲ್ಲೇ ಇದ್ದರು. ಬೀದಿಯ ಜನ ನೋಡುತ್ತಿದ್ದರು, ಮೇಲೇರುವುದು ಗೌಡರಿಗೆ ಖುಷಿ ಕೊಟ್ಟ ಹಾಗಿತ್ತು. ಮುರಿದದ್ದನ್ನು ಬದಲಾಯಿಸಿದ ಮೇಲೂ ಬಲಗಡೆ ಒಸಿ ಕೆಳಗಿತ್ತು. ಮಕ್ಬೂಲ್ ಇನ್ನೊಂದು ಪ್ಲೇಟು ಸೇರಿಸಿದ. ಕಣ್ಣಳತೆಯಲ್ಲಿ ಕಾರು ಸಮನಾಯಿತು. ತೊಂಬತ್ತು ಕೇಜಿಯ ಒಬ್ಬ ಗೌಡರನ್ನು ಒಳಗಿಟ್ಟುಕೊಂಡು ಸಮನಾಯಿತು. ಒಸಿ ಇಳೀರಿ ಎಂದು ಹೇಳಬೇಕಿತ್ತು. ಹೇಳಿರಲಿಲ್ಲ. ಅಂಥವರಿಗೆ ಯಾರೂ ಹೇಳುವುದಿಲ್ಲ.

ಅವನು ಗೋಣಿಯ ಮೇಲೆ ಆ ಸ್ಪ್ರಿಂಗುಗಳ ಪಕ್ಕ ಕೂತ. ಆ ಪ್ಲೇಟನ್ನು ತೆಗೆದು ಸುಮ್ಮನೆ ಜೋಡಿಸಿಬಿಡಬಹುದು, ಕಾರು ನೆಟ್ಟಗಾಗುತ್ತದೆ. ಆಗ ಗೌಡರು ಏನೆನ್ನುತ್ತಾರೆ ಎಂಬುದೂ ಗೊತ್ತು: ನೋಡಿದ್ರಾ, ಅವಳು ಕೂರದೇ ಇದ್ದದ್ದಕ್ಕೆ ಚೇತರಿಸಿಕೊಳ್ತು. ತಪ್ಪು ಕಾವೇರಮ್ಮನದ್ದೇ ಆಗಿ ಉಳಿಯುತ್ತದೆ. ಇಲ್ಲವೇ ಅದು ತನ್ನದೆಂದು ಹೇಳಬೇಕು. ಹೇಳಿದರೆ ನಾಳೆ ಮಧ್ಯಾಹ್ನದೊಳಗೆ ಮಾರ್ಕೆಟ್ಟಿಡೀ ಗೊತ್ತಾಗುತ್ತದೆ, ಮಕ್ಬೂಲನ ಕಣ್ಣಳತೆ ಎಂಥದ್ದು ಎಂದು. ಆ ಕಣ್ಣಳತೆಯನ್ನು ಬಿಟ್ಟರೆ ಅವನ ಹತ್ತಿರ ಹೆಚ್ಚೇನೂ ಇರಲಿಲ್ಲ.

ಬೆಳಿಗ್ಗೆ ಊರಿನ ಟೆಂಪೋದಲ್ಲಿ ಗೂಡು ಬಂತು. ಮುಂದೆ ಡ್ರೈವರನ ಪಕ್ಕ ಗೌಡರು. ಹಿಂದೆ ಚೀಲಗಳ ನಡುವೆ, ಗೂಡು ನಲುಗದ ಹಾಗೆ ಕಂಬಿ ಹಿಡಿದು ನಿಂತು ಕಾವೇರಮ್ಮ. ಕಾರಿನಲ್ಲಿ ಮಾರ್ಕೆಟ್ಟಿಗೆ ಒಯ್ಯಬೇಕಿದ್ದ ಮೂರು ಚೀಲ ಇಳಿಸಿ ಟೆಂಪೋ ಹೋಯಿತು.

"ಪೆಟ್ಟಿಗೆ ಎಲ್ಲಿ?" ಎಂದರು ಗೌಡರು. ಎಡಗಡೆಯ ಸೀಟು ಇದ್ದ ಹಾಗೇ ಇತ್ತು.

"ಮಾಡಿಲ್ಲ ಗೌಡ್ರೆ. ಎಡಗಡೆ ಏನೂ ಆಗಿಲ್ಲ. ಬಲಗಡೆ ಎತ್ತರ ಆಗಿತ್ತು. ಎರಡು ವರ್ಷದ ಹಿಂದೆ ಒಂದು ಪ್ಲೇಟು ಜಾಸ್ತಿ ಹಾಕ್ಬುಟ್ಟಿದ್ದೆ, ರಾತ್ರಿ ತೆಗ್ದಾಕ್ದೆ. ತಪ್ಪು ನಂದು. ಅಮ್ಮಾರದ್ದಲ್ಲ."

ಪಕ್ಕದ ಶೆಡ್ಡಿನ ಬಾಗಿಲಲ್ಲಿ ಅಮೀರ್ ನಿಂತಿದ್ದ. ಮಕ್ಬೂಲ್ ಅವನಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ್ದ.

"ನೀವು? ಮೂವತ್ತು ವರ್ಷದ ಮೆಕ್ಯಾನಿಕ್ಕು?"

"ನೀವು ಒಳಗೆ ಕೂತಿದ್ರಿ. ನಿಮ್ಮನ್ನ ಕೂರ್ಸ್ಕೊಂಡೇ ಮಟ್ಟ ನೋಡ್ದೆ."

ಗೌಡರು ಹೋಗಿ ಸ್ಟಿಯರಿಂಗಿನ ಹಿಂದೆ ಕೂತರು. ಕಾರು ಬಲಕ್ಕೆ ಇಳಿಯಿತು. ಸ್ವಲ್ಪವೇ, ಆದರೆ ಅಮೀರನಿಗೂ ಕಂಡಿತು.

"ಇದೇನ್ರೀ ಇದು? ಇವಾಗ ಈ ಕಡೆ ವಾಲ್ತಲ್ಲ! ಹಾಕಿ ಆ ಪ್ಲೇಟು ವಾಪಸ್ಸು."

"ಹಾಕಲ್ಲ."

ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಮಕ್ಬೂಲನಿಗೇ ಸ್ವಲ್ಪ ಆಶ್ಚರ್ಯವಾಯಿತು. ಧೈರ್ಯವೇನಲ್ಲ. ಇನ್ನೊಮ್ಮೆ ಕೆಳಗೆ ಮಲಗಲು ಬೆನ್ನಿಗೆ ಆಗುತ್ತಿರಲಿಲ್ಲ.

"ಒಸಿ ಇಳಿದು ನೋಡಿ ಅಂದ್ರೆ," ಎಂದರು ಕಾವೇರಮ್ಮ ಗಂಡನಿಗೆ. "ಅಲ್ಲೇ ಕೂತ್ರೆ ಏನು ಕಂಡಾತು?"

ಗೌಡರು ಇಳಿದರು. ನಾಲ್ಕು ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿದರು. ಖಾಲಿ ಕಾರು ನೆಟ್ಟಗೆ ನಿಂತಿತ್ತು. ತುಂಬ ಹೊತ್ತು ನೋಡಿ, "ಟೀ ಕುಡ್ಕಂಡು ಬತ್ತೀನಿ," ಎಂದು ಯಾರಿಗೋ ಹೇಳಿ ಹೋದರು.

ಕಾವೇರಮ್ಮ ಎಡಗಡೆಯ ಬಾಗಿಲು ತೆಗೆದು, ಹೊಸ ಮನೆಗೆ ಕಾಲಿಡುವವರ ಹಾಗೆ ನಿಧಾನವಾಗಿ ಕೂತರು. ಕಾರು ಎಡಕ್ಕೆ ತುಸು ತಗ್ಗಿತು. ಗಾಬರಿಯಿಂದ ಮಕ್ಬೂಲನ ಮುಖ ನೋಡಿದರು.

"ಯಾರು ಕೂತ್ರೂ ಅಷ್ಟು ಇಳೀತದೆ ಅಮ್ಮಾರೆ. ಅದು ಸ್ಪ್ರಿಂಗು. ಇಳೀಬೇಕು. ಅವ್ರೂ ಕೂತ್ರೆ ಸರಿಹೋಯ್ತದೆ."

ಆಕೆ ತಲೆಯಾಡಿಸಿದರು. ಬೆನ್ನು ಹಿಂದಕ್ಕೆ ಒರಗಿಸಿದರು, ಕಾಲು ಚಾಚಿದರು. ಮಕ್ಬೂಲ್ ಸಾಮಾನು ಎತ್ತಿಟ್ಟು ತಿರುಗುವಷ್ಟರಲ್ಲಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಹಸಿರು ಬೆರಳುಗಳು ಮಡಿಲಲ್ಲಿ ಬಿಚ್ಚಿಕೊಂಡು ಬಿದ್ದಿದ್ದವು.

ಗೌಡರು ಬಂದು ನೋಡಿದರು. ಕರೆಯಲು ಬಾಯಿ ತೆರೆದು ನಿಲ್ಲಿಸಿದರು.

"ಹರಾಜು ಎಷ್ಟೊತ್ಗೆ ಸುರುವಾಯ್ತದೆ?" ಎಂದು ಮಕ್ಬೂಲ್ ಕೇಳಿದ.

"ಇನ್ನು ಮುಕ್ಕಾಲು ಗಂಟೆ ಐತೆ." ಗೌಡರ ದನಿ ತಗ್ಗಿತ್ತು. ಇಂಜಿನ್ ಚಾಲೂ ಮಾಡಿದರೆ ಬೀದಿಗೆಲ್ಲ ಕೇಳುವಂಥ ಕಾರು ಅದು. ಬಗ್ಗಿ ಒಂದು ಚೀಲವನ್ನು ಹೆಗಲಿಗೇರಿಸಿಕೊಂಡರು. ಎಷ್ಟೋ ವರ್ಷದಿಂದ ಹೊರದ ಹೆಗಲು. ಸರಿಯಾಗಿ ಕೂರಿಸಿಕೊಳ್ಳಲು ಎರಡು ಸಲ ನೋಡಬೇಕಾಯಿತು. ಮಾರ್ಕೆಟ್ಟು ಅರ್ಧ ಫರ್ಲಾಂಗು. ಹೋಗಿ ಬಂದು ಎರಡನೆಯದನ್ನು ಹೊತ್ತರು. ಅಮೀರ್ ತನ್ನ ಬಾಣಲಿಯ ಕಡೆಗೆ ಹೋದ.

ಮೂರನೆಯದಕ್ಕೆ ಬಂದಾಗ ಗೌಡರ ಅಂಗಿ ಬೆನ್ನಿಗೆ ಅಂಟಿತ್ತು. "ಹರಾಜು ಕೂಗೋ ಹೊತ್ಗೆ ಎಬ್ಬಿಸಿ ಕಳಿಸ್ಬುಡಿ ಸಾಬ್ರೆ," ಎಂದರು. "ನೋಡ್ಬೇಕು ಅಂತಿದ್ಲು."