ಎಂಟು ಇಪ್ಪತ್ತರ ದನಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸ್ಲೈಡಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರಮ್ಮ ಗಂಟಿಗೆ ಸೂಜಿ ಚುಚ್ಚಿ ತೆಗೆದ ಹನಿಯನ್ನು ಸ್ಲೈಡ್ ಎಂಬ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಆರುವ ಮೊದಲೇ ಸ್ಪಿರಿಟ್ ಜಾಡಿಗೆ ಇಳಿಸುವುದು ಅವಳ ಕೆಲಸ. ಹದಿನೆಂಟು ವರ್ಷದಲ್ಲಿ ಕೈ ತಪ್ಪಿದ್ದಿಲ್ಲ. ತಪ್ಪಿದ್ದು ಒಂದು ಮಂಗಳವಾರ.

ಅಂದು ಬಂದವಳ ಕತ್ತಿನ ಎಡಗಡೆ, ಥೈರಾಯ್ಡ್ ಗ್ರಂಥಿಯಲ್ಲಿ, ಗೋಲಿಯಷ್ಟು ಗಂಟಿತ್ತು. ಸೂಜಿ ಹಾಕಿದ ಡಾಕ್ಟರಮ್ಮ ಪಕ್ಕದ ಕೋಣೆಗೆ ಹೋದರು. ಸ್ಲೈಡಕ್ಕ ಹನಿ ಸವರುತ್ತಾ, "ನೋವಾಯ್ತಾ?" ಎಂದು ಕೇಳಿದಳು.

"ಇಲ್ಲಕ್ಕ, ಇರುವೆ ಕಚ್ಚಿದಂಗಾಯ್ತು."

ಸ್ಲೈಡಕ್ಕನ ಕಿವಿ ನೆಟ್ಟಗಾಯಿತು. "ಅಯ್ಯೋ, ಸ್ಟೇಷನ್ನಲ್ಲಿ ಮೈಕಲ್ಲಿ ಹೇಳೋರು ನೀವೇ ಅಲ್ವಾ? ನಮ್ಮನೆ ಸ್ಟೇಷನ್ ಹಿಂದೇನೇ. ನಮ್ಮತ್ತೆ ಮಾತ್ರೆ ನುಂಗೋದೇ ನಿಮ್ಮ ಎಂಟು ಇಪ್ಪತ್ತರ ಗಾಡಿಗೆ. ನಾನು ಹೇಳಿದ್ರೆ ಮುಖ ತಿರುಗಿಸ್ತಾರೆ, ನೀವು ಹೇಳಿದ್ರೆ ಬಾಯಿ ತೆರೀತಾರೆ!"

"ಸದ್ಯ, ಆ ಗಾಡಿ ಲೇಟಾಗಲ್ಲ," ಎಂದು ಆಕೆ ನಕ್ಕಳು.

"ಒಂದ್ಸಲ ಹೇಳ್ತೀರಾ? ಫೋನಲ್ಲಿ ಹಿಡ್ಕೊಂಡು ಅತ್ತೆಗೆ ಕೇಳಿಸ್ತೀನಿ."

ಆಕೆ ಎದ್ದು ಕೂತು, ಕತ್ತಿಗೆ ಹತ್ತಿ ಒತ್ತಿಕೊಂಡೇ, "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿದಳು. ಸ್ಲೈಡಕ್ಕ ಎರಡು ಸಲ ಹೇಳಿಸಿದಳು. ಮೊದಲ ಸಲ ಫೋನಿನ ಗುಂಡಿ ಒತ್ತುವುದೇ ಮರೆತಿತ್ತು. ತಿರುಗಿ ನೋಡಿದರೆ ಪಟ್ಟಿಗಳ ಮೇಲಿನ ಹಸಿ ಹೊಳಪು ಮಾಯವಾಗಿತ್ತು. ಏನೂ ಆಗಲ್ಲ ಎಂದುಕೊಂಡು ಜಾಡಿಗೆ ಅದ್ದಿದಳು.

ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹಸಿಯಿದ್ದಾಗ ಅದ್ದದಿದ್ದರೆ ಜೀವಕೋಶ ಚಪ್ಪಟೆಯಾಗಿ ಹರಡುತ್ತದೆ, ಒಳಗಿನ ತಿರುಳು ಊದಿ ಬಿಳಿಚಿಕೊಳ್ಳುತ್ತದೆ. ಕ್ಯಾನ್ಸರಿನ ಕೋಶವೂ ಎಷ್ಟೋ ಸಲ ಹಾಗೇ ಕಾಣುತ್ತದೆ.

ಮಾರನೆಯ ದಿನ ಡಾಕ್ಟರಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದರು. "ಇದು ಒಣಗಿತ್ತೇನಮ್ಮ?"

"ಇಲ್ಲ ಮೇಡಂ." ಮನಸ್ಸಿಗಿಂತ ಮೊದಲು ಬಾಯಿ ಹೇಳಿಬಿಟ್ಟಿತು.

"ನೀನು ಇಲ್ಲ ಅಂದ್ರೆ ಮುಗೀತು. ಹಾಗಾದ್ರೆ ಐದು."

ಅಲ್ಲಿ ಕತ್ತಿನ ಗಂಟುಗಳಿಗೆ ಒಂದರಿಂದ ಆರರವರೆಗೆ ಅಂಕಿ ಕೊಡುತ್ತಾರೆ. ಒಂದೆಂದರೆ ಕೋಶಗಳು ಸಾಲದು, ಮತ್ತೆ ಚುಚ್ಚಬೇಕು. ಎರಡೆಂದರೆ ನಿರಪಾಯ. ಮೂರು, ನಾಲ್ಕು ಡೋಲಾಯಮಾನ. ಆರು ಖಚಿತವಾಗಿ ಕ್ಯಾನ್ಸರ್. ಐದು ಬಂದವರಲ್ಲಿ ಹತ್ತಕ್ಕೆ ಏಳು ಮಂದಿಗೆ ಅದು ಇರುತ್ತದೆ.

ಸರ್ಜನ್ ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದರು. ಗ್ರಂಥಿಯ ಬೆನ್ನಿಗೇ ದನಿಯ ನರವಿದೆ, ಅದಕ್ಕೆ ಪೆಟ್ಟಾದರೆ ದನಿ ಬೀಳಬಹುದು ಎಂದು ತಿಳಿಸಿ ಸಹಿ ಹಾಕಿಸಿಕೊಂಡರು. ಸಹಿ ಹಾಕಿ ಬಂದ ಆಕೆ ಕಾರಿಡಾರಿನಲ್ಲಿ ಸ್ಲೈಡಕ್ಕನನ್ನು ಕಂಡು ನಿಂತಳು.

"ಅಕ್ಕ, ಅವತ್ತು ಫೋನಲ್ಲಿ ಹಿಡ್ಕೊಂಡಿದ್ದು ಅಳಿಸಬೇಡಿ. ಮುಂದೆ ನನಗೇ ಬೇಕಾಗ್ಬಹುದು."

ಶುಕ್ರವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ನಿಲ್ದಾಣದಿಂದ ಯಂತ್ರದ ದನಿ ಕೇಳಿಸಿತು. ಅತ್ತೆ ಬಾಯಿ ಬಿಗಿದುಕೊಂಡರು.

"ಯಾರೇ ಇವಳು, ಮೂಗಿಗೆ ಕ್ಲಿಪ್ ಹಾಕ್ಕೊಂಡು ಮಾತಾಡ್ತಾಳೆ? ನಮ್ಮ ಹುಡುಗಿ ಎಲ್ಲಿ?"

"ಹುಷಾರಿಲ್ಲವಂತೆ ಅತ್ತೆ. ನುಂಗಿ."

"ಫೋನಲ್ಲಿದೆ ಅಂದ್ಯಲ್ಲ, ಹಾಕು. ಆಮೇಲೆ ನೋಡೋಣ."

ಸ್ಲೈಡಕ್ಕ ಹಾಕಿದಳು. ಮೊದಲು ಕೇಳಿಸಿದ್ದು ಅವಳದೇ ನಗು: "ಇರಿ ಇರಿ, ಒತ್ತೋದೇ ಮರ್ತೆ. ಇನ್ನೊಂದ್ಸಲ, ನಿಧಾನಕ್ಕೆ!" ಆಮೇಲೆ ಆ ತಿಳಿ ದನಿ. ಅತ್ತೆ ಮಾತ್ರೆ ನುಂಗಿದರು. ಸ್ಲೈಡಕ್ಕ ಊಟದ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.

"ಮೇಡಂ, ಆ ಸ್ಲೈಡು ಒಣಗಿತ್ತು. ನಾನು ಸುಳ್ಳು ಹೇಳ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಯ್ಯಿರಿ ಮೇಡಂ."

"ಬಯ್ಯೋದು ಇದ್ದೇ ಇದೆ. ಮೊದ್ಲು ಸರ್ಜನ್‌ಗೆ ಫೋನ್ ಹಚ್ಚು. ಆಕೆಗೆ ಹೇಳೋದು ಮಾತ್ರ ನೀನೇ."

ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಕೋಪವೋ ಅಳುವೋ, ತುಟಿ ಅದುರಿತು. "ಮೂರು ದಿನದಿಂದ ಮನೇಲಿ ಎಲ್ಲರ ಹೆಸರೂ ಸುಮ್ಮಸುಮ್ಮನೆ ಕೂಗ್ತಾ ಇದ್ದೆ ಅಕ್ಕ. ಮುಂದೆ ಕೂಗೋಕಾಗುತ್ತೋ ಇಲ್ವೋ ಅಂತ." ಸ್ಲೈಡಕ್ಕ ಆಕೆಯ ಕೈ ಹಿಡಿದುಕೊಂಡು ಕೂತಳು. ಆಕೆ ಬಿಡಿಸಿಕೊಳ್ಳಲಿಲ್ಲ.

ಸೋಮವಾರದ ಆಪರೇಷನ್ ನಿಂತಿತು. ಚುಚ್ಚಿದ ಜಾಗ ಮಾಯಲೆಂದು ಕೆಲವು ವಾರ ಬಿಟ್ಟು ಮತ್ತೆ ಸೂಜಿ. ಮಂಚದ ಮೇಲಿಂದ ಆಕೆಯೇ ಕೆಣಕಿದಳು. "ಹೇಳ್ಲಾ ಅಕ್ಕ, ಪ್ರಯಾಣಿಕರ ಗಮನಕ್ಕೆ?"

"ಬಾಯಿ ಮುಚ್ಕೊಂಡು ಮಲಗಮ್ಮ ತಾಯಿ!" ಎನ್ನುವಷ್ಟರಲ್ಲಿ ಪಟ್ಟಿ ಜಾಡಿಯೊಳಗಿತ್ತು.

ಮರುದಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಹತ್ತಾದರೂ ಕೋಶಗಳಿರುವ ಗುಂಪುಗಳು ಕನಿಷ್ಠ ಆರು ಸಿಗಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಎಣಿಸಿ ಮುಗಿಸಿ, ಕುರ್ಚಿ ಸರಿಸಿ ಜಾಗ ಬಿಟ್ಟರು. "ಬಾ, ನೀನೇ ನೋಡು."

ಸ್ಲೈಡಕ್ಕ ಬಗ್ಗಿದಳು. ಪುಟ್ಟ ದುಂಡು ಕೋಶಗಳು ಜೇನುಗೂಡಿನ ಕಣ್ಣುಗಳಂತೆ ಒಪ್ಪವಾಗಿ ಕೂತಿದ್ದವು. ಊದಿದ್ದು ಒಂದೂ ಇರಲಿಲ್ಲ.

"ಎರಡು," ಅಂದರು ಡಾಕ್ಟರಮ್ಮ. "ಆಪರೇಷನ್ ಬೇಡ. ವರ್ಷಕ್ಕೊಂದ್ಸಲ ಬಂದು ತೋರಿಸಿದ್ರೆ ಸಾಕು. ಕಣ್ಣೊರೆಸ್ಕೋ, ಮೈಕ್ರೋಸ್ಕೋಪು ಒದ್ದೆಯಾಗುತ್ತೆ. ಈಗ ಬಯ್ತೀನಿ, ಕೂತ್ಕೋ."

ಬೈಗುಳ ಅರ್ಧ ಗಂಟೆ ನಡೆಯಿತು. ಅಷ್ಟು ಹಗುರಾಗಿ ಅವಳು ಬೈಸಿಕೊಂಡದ್ದು ಅದೇ ಮೊದಲು.

ಆಕೆಯ ರಜೆ ಮುಗಿದ ಸೋಮವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಕಿಟಕಿಯಿಂದ ಆ ದನಿ ತೇಲಿ ಬಂತು. "ಪ್ರಯಾಣಿಕರ ಗಮನಕ್ಕೆ..."

"ಬಂದ್ಲು ನೋಡು ನಮ್ಮ ಹುಡುಗಿ!" ಎಂದು ಅತ್ತೆ ಅಗಲವಾಗಿ ಬಾಯಿ ತೆರೆದರು. ಸ್ಲೈಡಕ್ಕ ಮಾತ್ರೆ ಹಿಡಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ಕೇಳುತ್ತಾ ನಿಂತಿದ್ದಳು.

"ಎಷ್ಟೊತ್ತೇ ನಿಂತಿರ್ತೀಯ? ಹಾಕೇ, ಬಾಯಿ ಒಣಗ್ತಿದೆ!"