ಬೀರುವಿನ ಹಿಂದಿನ ಹಸಿರು

"ಮುಚ್ಚಳ ಪೂರ್ತಿ ತೆಗೀಬೇಡಕ್ಕ, ಇನ್ನೂ ಜೀವ ಇದೆ," ಎನ್ನುತ್ತ ತಂಗಿ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಸಂಗ್ರಹಾಲಯದ ಹಿಂಭಾಗದ ಕೋಣೆಯಲ್ಲಿ ಕೂತು, ಯಾರೋ ತಂದ ಹುಳುಹುಪ್ಪಟೆಗೆ ಹೆಸರು ಹೇಳುವುದು ಅಕ್ಕನ ಕೆಲಸ. ಆದರೆ ತಂಗಿಯ ಮುಖ ಹೆಸರು ಕೇಳಲು ಬಂದವರ ಮುಖದಂತಿರಲಿಲ್ಲ, ತೀರ್ಪಿಗೆ ಕಾದವರಂತಿತ್ತು. ಮಗು ಹೊಟ್ಟೆಯಲ್ಲೇ ಹೋದ ಮೇಲೆ ತಂಗಿ ಮತ್ತು ಅವಳ ಗಂಡ ಹೊಸ ಬಾಡಿಗೆ ಮನೆ ಹಿಡಿದಿದ್ದರು. ಅಲ್ಲಿ ಮಲಗುವ ಕೋಣೆಯ ಕಿಟಕಿ ಮುಚ್ಚಿದ್ದರೂ ಗಾಜಿನ ಒಳಬದಿಗೆ ಪತಂಗಗಳು ಅಂಟಿಕೊಂಡಿರುತ್ತವೆ ಎಂದು ಅವಳು ಹೇಳುತ್ತ ಬಂದಿದ್ದಳು. ಗಂಡ ಮನೆಯಲ್ಲಿರುವಾಗ ಮಾತ್ರ ಒಂದೂ ಕಾಣುತ್ತಿರಲಿಲ್ಲ.

"ಅವರು ಹೇಳೋದು, ನಾನೇ ಹೊರಗಿಂದ ಹಿಡಿದು ತರ್ತೀನಂತೆ. ಸೋಮವಾರ ಮನೋರೋಗದ ಆಸ್ಪತ್ರೆಗೆ ಸೇರಿಸ್ತಾರಂತೆ. ನಿನಗೂ ಹಾಗೇ ಅನ್ಸತ್ತಾ?"

ಅಕ್ಕ ಭೂತಗನ್ನಡಿ ಎಳೆದುಕೊಂಡಳು. ಡಬ್ಬಿಯಲ್ಲಿದ್ದ ಪತಂಗಕ್ಕೆ ಹಾಲಿನಂಥ ರೆಕ್ಕೆ, ಮಸಿ ಚೆಲ್ಲಿದಂಥ ಚುಕ್ಕಿ. ಇದನ್ನೇ ಹೋಲುವ ಇನ್ನೊಂದು ಜಾತಿಯಿದೆ. ಅದು ಸಿಕ್ಕ ಸೊಪ್ಪನ್ನೆಲ್ಲ ಮೇಯುತ್ತದೆ, ಅದರ ರೆಕ್ಕೆಯ ಬುಡದಲ್ಲಿ ಕಿತ್ತಳೆ ಪಟ್ಟಿ ಇರುವುದಿಲ್ಲ. ಇದಕ್ಕಿತ್ತು.

"ಇದರ ಮರಿಹುಳು ಮುಳ್ಳುಹಣ್ಣಿನ ಪೊದೆ ಬಿಟ್ಟು ಬೇರೇನೂ ಮುಟ್ಟಲ್ಲ," ಎಂದಳು. "ರೆಕ್ಕೆಯ ಅಂಚು ನೋಡು, ಒಂಚೂರೂ ಸವೆದಿಲ್ಲ. ನಿನ್ನೆ ಮೊನ್ನೆ ಕೋಶ ಒಡೆದು ಬಂದದ್ದು. ದೂರ ಹಾರಿದ್ದೇ ಅಲ್ಲ. ಮನೆ ಹತ್ತಿರ ಅಂಥ ಗಿಡ ಇದೆಯೇನೆ?"

"ಎಲ್ಲಿಂದ ಬರಬೇಕಕ್ಕ? ಸುತ್ತ ಸಿಮೆಂಟು. ಒಂದು ಗರಿಕೆನೂ ಇಲ್ಲ."

ಮಧ್ಯಾಹ್ನ ಇಬ್ಬರೂ ಮನೆಗೆ ಹೋದರು. ಗಂಡ ಬಾಗಿಲಲ್ಲೇ ಕೈಕಟ್ಟಿ ನಿಂತ. "ಅತ್ತಿಗೆ, ನೀವೂ ಇವಳ ತಾಳಕ್ಕೆ ಕುಣೀತೀರಾ?"

"ಹುಳಕ್ಕೆ ಸುಳ್ಳು ಹೇಳೋಕೆ ಬರಲ್ಲಪ್ಪ," ಎಂದು ಅಕ್ಕ ಮಲಗುವ ಕೋಣೆಗೆ ನಡೆದಳು. "ಆ ಬೀರು ಸ್ವಲ್ಪ ಸರಿಸು."

ಬೀರುವಿನ ಸಂದಿಯಿಂದ ಆಗಷ್ಟೇ ಒಂದು ಪತಂಗ ತೆವಳಿ ಬರುತ್ತಿತ್ತು. ಅವನೂ ಅದನ್ನು ನೋಡಿದ. ಮನೆಯ ಜೊತೆಗೇ ಬಂದಿದ್ದ ಆ ಹಳೆಯ ಬೀರುವಿಗೆ ಹೆಗಲು ಕೊಟ್ಟ.

ಹಿಂದೆ ಒಂದು ಬಾಗಿಲಿತ್ತು. ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಚಿಲಕ, ತಿರುಗಣಿ ಎಲ್ಲ ಬಣ್ಣದಲ್ಲಿ ಹೂತು ಕಲ್ಲಾಗಿದ್ದವು. ಅಡಿಯಲ್ಲಿ ಮಾತ್ರ ಬೆರಳು ತೂರುವಷ್ಟು ಸಂದಿ. ಗಂಡ ಉಳಿ ತಂದು ಕೆರೆದು, ಬೆವರಿಳಿಸಿ, ಕೊನೆಗೆ ಒದ್ದು ತೆಗೆದ.

ಆಚೆ ಬಾವಿಯಂಥ ಅಂಗಳ. ನಾಲ್ಕೂ ಕಡೆ ಎತ್ತರದ ಬೋಳು ಗೋಡೆ. ಬೇರೆ ಬಾಗಿಲಿಲ್ಲ, ಕಿಟಕಿಯಿಲ್ಲ. ನಡುವೆ ಮುಳ್ಳುಹಣ್ಣಿನ ಪೊದೆ, ಎಲೆಗಳ ತುಂಬ ಮರಿಹುಳುಗಳು. ಅವು ಮೇಯುವ ಸಣ್ಣ ಸದ್ದು ಕೇಳುವಷ್ಟು ಮೌನ.

"ತಪ್ಪಾಯ್ತು ಕಣೆ," ಎಂದ ಗಂಡ. "ಸೋಮವಾರ ಎಲ್ಲಿಗೂ ಹೋಗೋದು ಬೇಡ."

ಗೆದ್ದೆವೆಂದು ಅಕ್ಕ ಪೊದೆಯ ಬಳಿ ಬಗ್ಗಿದಳು. ಹಬ್ಬಿದ ಕೊಂಬೆಗಳನ್ನು ಯಾರೋ ಓರಣವಾಗಿ ಕತ್ತರಿಸಿದ್ದರು. ಕಡಿದ ತುದಿಯಲ್ಲಿ ರಸ ಇನ್ನೂ ಹಸಿಯಾಗಿತ್ತು. ವಾರಗಟ್ಟಲೆ ಮಳೆ ಬಿದ್ದಿರಲಿಲ್ಲ; ಬುಡದ ಮಣ್ಣು ಆಗಷ್ಟೇ ಯಾರೋ ನೀರೆರೆದಂತೆ ಒದ್ದೆಯಿತ್ತು.

"ಬಾರೆ, ಒಳಗೆ ಹೋಗೋಣ," ಎಂದು ತಿರುಗಿದಳು.

ತಂಗಿ ಆಗಲೇ ಗೋಡೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ತಿಳಿಯಾಗಿತ್ತು. ಅಕ್ಕನ ಕಡೆ ನೋಡದೆ, ಬಟ್ಟೆಯ ಅಂಚನ್ನು ಹತ್ತಿರಕ್ಕೆ ಎಳೆದುಕೊಂಡು, ಎದುರಿಗೆ ಬಂದು ನಿಂತ ಯಾರಿಗೋ ಎಂಬಂತೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.