ಧಾರೆಯ ಚಿತ್ರದಲ್ಲಿ ಇಲ್ಲದವಳು

ಚಿತ್ರದಲ್ಲಿ ಹಾಲು ಬೀಳುತ್ತಲೇ ಇದೆ. ಹಿತ್ತಾಳೆಯ ಗಿಂಡಿಯ ಕೊಕ್ಕಿನಿಂದ ಹೊರಟ ಬಿಳಿಯ ಎಳೆ ತೆಂಗಿನಕಾಯಿಯನ್ನು ಇನ್ನೂ ಮುಟ್ಟಿಲ್ಲ. ಮುಟ್ಟುವ ಮೊದಲೇ ಕ್ಯಾಮೆರಾ ಅದನ್ನು ಹಿಡಿದು ನಿಲ್ಲಿಸಿದೆ. ಕಾಯಿಯ ಕೆಳಗೆ ವಧುವಿನ ಬೊಗಸೆ, ಅದರ ಕೆಳಗೆ ವರನ ಬೊಗಸೆ. ವರನ ಮಣಿಕಟ್ಟಿನಲ್ಲಿ ಅರಿಶಿನದ ಕೊಂಬಿನ ಕಂಕಣ, ಅದರ ಪಕ್ಕದಲ್ಲೇ ಬಿಚ್ಚಿಡಲು ಮರೆತ ಕೈಗಡಿಯಾರ. ವಧುವಿನ ಕಣ್ಣು ಹಾಲಿನ ಮೇಲಿಲ್ಲ. ಅದು ಚೌಕಟ್ಟಿನ ಎಡ ಅಂಚನ್ನು ದಾಟಿ, ಯಾರೋ ಬರಬೇಕಾಗಿದ್ದ ದಿಕ್ಕಿಗೆ ಹೊರಳಿದೆ. ಗಿಂಡಿ ಹಿಡಿದಿರುವವರು ಗಂಡಹೆಂಡತಿ. ಗಂಡನಿಗೆ ಜರಿಪೇಟ, ಹೆಂಡತಿಗೆ ಎರಡು ಮೂಗುತಿ. ಇಬ್ಬರ ಮುಖದಲ್ಲೂ ಕನ್ಯೆಯನ್ನು ಕೊಡುವವರ ಗಾಂಭೀರ್ಯ. ಅವರು ಆ ಕನ್ಯೆಗೆ ಏನೂ ಆಗಬೇಕಾದವರಲ್ಲ. ವರನ ಚಿಕ್ಕಪ್ಪ ಮತ್ತು ಚಿಕ್ಕಮ್ಮ, ಆ ಮುಹೂರ್ತದ ಮಟ್ಟಿಗೆ ವಧುವಿನ ಕಡೆಗೆ ದಾಟಿ ನಿಂತಿದ್ದರು, ಅಷ್ಟೆ.

ಬೆಂಗಳೂರಿನ ಹೂಡಿಯ ಲಕ್ಷ್ಮಣಪ್ಪನವರ ಮನೆಯ ಹಜಾರದಲ್ಲಿ, ಟೀಪಾಯಿಯ ಗಾಜಿನ ಮೇಲೆ ಈ ಚಿತ್ರವನ್ನಿಟ್ಟುಕೊಂಡು ಸಂಗಣ್ಣ ಕುಳಿತಿದ್ದ. ಮಹದೇವಪುರದ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಅವನು ವೀಸಾ ಸಲಹೆಯ ಕಚೇರಿ ನಡೆಸುತ್ತಿದ್ದ. ಹೊರದೇಶಕ್ಕೆ ಹೊರಟ ದಂಪತಿಗಳ ಮುಂದೆ ಅಧಿಕಾರಿಯಾಗಿ ಕುಳಿತು ಪ್ರಶ್ನೆ ಕೇಳುವುದು, ಅವರು ತಡವರಿಸಿದಲ್ಲಿ ತಿದ್ದುವುದು ಅವನ ಕಸುಬು. ಎದುರಿನ ಸೋಫಾದಲ್ಲಿ ಚಿತ್ರದ ವಧೂವರರು: ಲಕ್ಷ್ಮಣಪ್ಪನವರ ಮಗ ನರೇಶ್, ಸೊಸೆ ಶಾಂಭವಿ. ಶಾಂಭವಿ ಹ್ಯೂಸ್ಟನ್ ನಗರದ ಆಸ್ಪತ್ರೆಯಲ್ಲಿ ದಾದಿ. ಅಮೆರಿಕದ ಪೌರತ್ವ ಪಡೆದವಳು. ಮದುವೆಯಾದ ಮರುತಿಂಗಳೇ ಕೆಲಸಕ್ಕೆ ಮರಳಿ, ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿ, ವರ್ಷದ ಮೇಲೆ ಈಗ ಬಂದಿದ್ದಳು. ಬರುವ ವಾರ ಮುಂಬಯಿಯ ಕಾನ್ಸುಲೇಟಿನಲ್ಲಿ ಸಂದರ್ಶನ. ಈ ಮದುವೆ ನಿಜವಾದದ್ದು ಎಂದು ಅಲ್ಲಿನ ಅಧಿಕಾರಿಗೆ ಅನ್ನಿಸಿದರೆ ನರೇಶ್ ಹೊರಡುವನು, ಅನ್ನಿಸದಿದ್ದರೆ ಇಲ್ಲ.

ಹೊರಡದೆ ಉಳಿಯುವುದು ನರೇಶನಿಗೆ ಸಾಧ್ಯವಿರಲಿಲ್ಲ. ನೀರಿನ ಟ್ಯಾಂಕರಿನ ವ್ಯವಹಾರವನ್ನು ಭಾವಮೈದುನನಿಗೆ ಬಿಟ್ಟುಕೊಟ್ಟಿದ್ದ. ಗೆಳೆಯರು ಬಾಡೂಟ ಮಾಡಿ ಬೀಳ್ಕೊಟ್ಟಾಗಿತ್ತು. ಹೂಡಿ ವೃತ್ತದಲ್ಲಿ, ಬಸ್ ನಿಲ್ದಾಣದ ನೆತ್ತಿಯ ಮೇಲೆ, ಕಪ್ಪು ಕನ್ನಡಕ ಧರಿಸಿದ ಅವನ ಮುಖದ ಫ್ಲೆಕ್ಸು ಎದ್ದಿತ್ತು: ‘ಅಮೆರಿಕಾಗೆ ತೆರಳುತ್ತಿರುವ ನಮ್ಮ ನೆಚ್ಚಿನ ನಾಯಕನಿಗೆ ಶುಭ ಕೋರುವವರು’, ಕೆಳಗೆ ಕೋರುವವರ ಸಾಲು ಸಾಲು ಮುಖಗಳು.

ಸಂಗಣ್ಣ ಚಿತ್ರದ ಮೇಲೆ ಬೆರಳಿಟ್ಟು, ಧಾರೆ ಎರೆದವರು ಯಾರೆಂದು ಕೇಳಿದರೆ ಹುಡುಗಿಯ ತಂದೆತಾಯಿ ಎಂದುಬಿಡಬೇಕೆಂದು ಸೂಚಿಸಿದ. ಪರಿಚಯ ಹೇಗಾಯಿತೆಂದರೆ ನೆಂಟರ ಮದುವೆಯಲ್ಲಿ ಎನ್ನಬೇಕು. ಶಾಂಭವಿಯ ಅತ್ತೆ ಬೈರಮ್ಮ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ತಲೆದೂಗಿದಳು.

“ನಾನು ಹಾಗೆ ಹೇಳೋದಿಲ್ಲ ಸಂಗಣ್ಣೋರೆ,” ಎಂದಳು ಶಾಂಭವಿ. “ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳ್ತಾರೆ ಅಂದೋರು ನೀವೇ ಅಲ್ವಾ. ನಾನು ನಿಜಾನೇ ಹೇಳ್ತೀನಿ. ಇವರ ಉತ್ತರ ನನ್ನದಕ್ಕೆ ಹೊಂದದೆ ಹೋದ್ರೆ, ಸರ್ಕಲ್ಲಲ್ಲಿರೋ ಫ್ಲೆಕ್ಸು ಬಿಚ್ಚಿಸಬೇಕಾಗತ್ತೆ.”

ನಿಜ ಏನೆಂಬುದು ಆ ಹಜಾರದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಶಾಂಭವಿಯ ತಾಯಿ ಹೊಳೆವ್ವ ಹುನಗುಂದದ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಗಂಡನೊಡನೆ ಬಂದು, ಗಂಡ ತೀರಿಕೊಂಡ ಮೇಲೆ ಸುತ್ತಲಿನ ಮನೆಗಳಲ್ಲೂ ಈ ಮನೆಯಲ್ಲೂ ಪಾತ್ರೆ ತಿಕ್ಕಿ ಮಗಳನ್ನು ಓದಿಸಿದಳು. ಹಿತ್ತಿಲಿನಿಂದ ಬರುವಳು, ಹಿತ್ತಿಲಿನಿಂದಲೇ ಹೋಗುವಳು. ಅವಳ ಕಾಫಿಯ ಲೋಟ ಹೊರಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಬೈರಮ್ಮ ಅದಕ್ಕೆ ಕಾಫಿಯನ್ನು ಎತ್ತರದಿಂದ ಹೊಯ್ಯುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಓದಿದ ಹುಡುಗಿ ದಾದಿಯಾಗಿ ಕಡಲು ದಾಟಿದ ಮೇಲೆ, ಈ ಮನೆಯವರೇ ಹೆಣ್ಣು ಕೇಳಿಕೊಂಡು ಬಂದರು. ಅಮೆರಿಕದ ನೀಲಿ ಬಣ್ಣದ ಪಾಸ್‌ಪೋರ್ಟು ಜಾತಿಯ ಮೇಲೆ ಎಳೆದ ತೆಳುವಾದ ಪರದೆಯಾಯಿತು. ಶಾಂಭವಿ ಒಪ್ಪಿದ್ದು ನರೇಶನ ಮೇಲಿನ ಮೋಹದಿಂದಲ್ಲ; ಹಿತ್ತಿಲಿನಿಂದ ಬರುತ್ತಿದ್ದ ತಾಯಿ ಬೀಗಿತ್ತಿಯಾಗಿ ಮುಂಬಾಗಿಲಿನ ಹೊಸ್ತಿಲು ದಾಟಿ ಒಳಗೆ ಬರುವುದನ್ನು ನೋಡಬೇಕೆಂಬ ಒಂದೇ ಆಸೆಯಿಂದ.

ಮದುವೆಯ ದಿನ ಮುಹೂರ್ತ ಸಮೀಪಿಸಿದರೂ ತಾಯಿ ಕಾಣಲಿಲ್ಲ. ಕೇಳಿದಾಗ ನರೇಶ್ ತಗ್ಗಿದ ದನಿಯಲ್ಲಿ, ಗಂಡನಿಲ್ಲದವಳು ಧಾರೆಯ ಹೊತ್ತಿಗೆ ಎದುರು ಬರಬಾರದೆಂದು ಅವರೇ ಹಟ ಹಿಡಿದಿದ್ದಾರೆ ಎಂದಿದ್ದ. ಹಾಗೆ ತಮ್ಮನ್ನು ತಾವೇ ಮರೆಮಾಡಿಕೊಳ್ಳುವ ತಾಯಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಶಾಂಭವಿ ನಂಬಿದಳು. ಆದರೆ ಸಂದರ್ಶನಕ್ಕೆ ಫೋಟೋಗಳನ್ನು ಆರಿಸಲು ಕುಳಿತ ದಿನ, ಅಷ್ಟು ದಪ್ಪದ ಆಲ್ಬಮ್ಮಿನಲ್ಲಿ, ಊಟದ ಪಂಕ್ತಿಯಲ್ಲಾಗಲಿ, ಬೀಳ್ಕೊಡುವ ಗುಂಪಿನಲ್ಲಾಗಲಿ, ಎಲ್ಲಿಯೂ ತಾಯಿಯ ಸೆರಗಿನ ಚುಂಗು ಕೂಡ ಸಿಗಲಿಲ್ಲ. ಫೋಟೋದವನಿಗೆ ಯಾರೋ ಹೇಳಿಯೇ ಹೇಳಿರಬೇಕು. ಅಂದು ಅವಳೊಳಗೆ ಹುಟ್ಟಿದ್ದು ದುಃಖವಾಗಿರಲಿಲ್ಲ. ಹಗೆಗೂ ತನ್ನದೇ ಒಂದು ಲಯವಿದೆ. ಅದು ಅವಸರ ಪಡುವುದಿಲ್ಲ, ತನ್ನ ಸರದಿಗಾಗಿ ಕಾಯುತ್ತದೆ.

ಈಗ ಅವಳು ಎದ್ದು, ಸಂಗಣ್ಣನನ್ನು ಸರಿಯಲು ಹೇಳಿ, ಅಧಿಕಾರಿಯ ಕುರ್ಚಿಯಲ್ಲಿ ತಾನೇ ಕುಳಿತಳು.

“ನಿಮ್ಮ ಅತ್ತೆ ಹೆಸರು?”

ನರೇಶ್ ಅಮ್ಮನ ಕಡೆ ನೋಡಿದ. “ಹೊಳೆಯಮ್ಮ.”

“ಹೊಳೆವ್ವ. ಇನ್ನೊಂದು ಸಲ ಹೇಳಿ.”

“ಅದ್ಯಾಕಮ್ಮಿ ಅವ್ಳ ಎಸ್ರು ಎತ್ತೀಯ?” ಎಂದಳು ಬೈರಮ್ಮ. “ಮುಸುರೆ ತಿಕ್ಕೋಳ ಎಸ್ರು ಕಟ್ಕೊಂಡು ಆ ಬಿಳಿಯೋನ್ಗೆ ಏನಾಗ್ಬೇಕು?”

“ಗಂಡನಿಗೆ ಹೆಂಡ್ತಿ ಯಾರೂಂತ ಗೊತ್ತಾ ಅನ್ನೋದು ಅವನಿಗೆ ಬೇಕು ಅತ್ತೆ. ಅದಕ್ಕೇ ಅವನಿಗೆ ಸಂಬಳ ಕೊಡೋದು.”

ಅಂದಿನಿಂದ ಪ್ರತಿ ಸಂಜೆ ಅಭ್ಯಾಸ ನಡೆಯಿತು. ಅತ್ತೆ ಏನು ಕೆಲಸ ಮಾಡುತ್ತಿದ್ದರು, ಯಾರ ಮನೆಯಲ್ಲಿ, ಯಾವ ಬಾಗಿಲಿನಿಂದ ಬರುತ್ತಿದ್ದರು, ಕಾಫಿಯನ್ನು ಎಲ್ಲಿ ಕುಳಿತು ಕುಡಿಯುತ್ತಿದ್ದರು ಎಂದು ಅವಳು ಕೇಳುವಳು. ಅವನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ‘ನಮ್ಮ ಮನೆಯ ಒಳಗೆ ಅವರನ್ನು ಬಿಡುತ್ತಿರಲಿಲ್ಲ’ ಎಂಬ ವಾಕ್ಯ ಆ ಹಜಾರದ ಅಮೃತಶಿಲೆಯ ನೆಲದ ಮೇಲೆ ಮತ್ತೆ ಮತ್ತೆ ಬಿದ್ದು ಸದ್ದು ಮಾಡಿತು. ಲಕ್ಷ್ಮಣಪ್ಪನವರು ಆ ಹೊತ್ತಿಗೆ ಸರಿಯಾಗಿ ತಾರಸಿಗೆ ಹೋಗಿಬಿಡುತ್ತಿದ್ದರು. ಬೈರಮ್ಮ ಏಳಲಾರಳು, ಕೂರಲಾರಳು. ಸೊಸೆಯ ಬಾಯಿ ಮುಚ್ಚಿಸಿದರೆ ಮಗನ ದಾರಿ ಮುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಮುಖದ ಮೇಲೆ ಅವಮಾನವು ಸಂಜೆಯ ನೆರಳಿನಂತೆ ಇಷ್ಟಿಷ್ಟೇ ಏರುವುದನ್ನು ಶಾಂಭವಿ ನೋಡುತ್ತಿದ್ದಳು. ಅದರಲ್ಲಿ ಅವಳಿಗೆ ಸಿಗುತ್ತಿದ್ದ ಸುಖ ತಣ್ಣಗಿತ್ತು, ಸ್ಪಷ್ಟವಾಗಿತ್ತು. ಅದಕ್ಕಾಗಿ ಅವಳು ನಾಚಲಿಲ್ಲ.

ಇಷ್ಟರಲ್ಲೇ ಮುಗಿಸಿಬಿಡಬೇಕೆಂದು ಅವಳು ಅಂದುಕೊಂಡಿದ್ದಳು. ತಾಯಿಯ ಹೆಸರನ್ನು ಈ ಮನೆಯ ಗೋಡೆಗಳಿಗೆ ಕೇಳಿಸಿ, ಇವನನ್ನು ಕರೆದುಕೊಂಡು ಹೊರಟುಬಿಡುವುದು. ಅವಳನ್ನು ಕೊರೆಯುತ್ತಿದ್ದ ಚಿಂತೆ ಬೇರೆಯೇ ಇತ್ತು. ಮದುವೆಯ ನಂತರ ತಾಯಿ ಬದಲಾಗಿದ್ದಳು. ಫೋನಿನಲ್ಲಿ ‘ಆರಾಮ ಅದೀನಿ’ ಎಂಬುದರ ಆಚೆಗೆ ಮಾತೇ ಇಲ್ಲ. ಈ ಸಲ ಬಂದಿಳಿದು ತಾಯಿಯ ಕೋಣೆಗೆ ಹೋದಾಗ, ಹೊಳೆವ್ವ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ತನ್ನ ಬಿಂದಿಗೆಯ ನೀರು ಕೊಡದೆ ಅಂಗಡಿಯಿಂದ ಬಾಟಲಿ ನೀರು ತರಿಸಿದಳು. ಹೆತ್ತ ಮಗಳ ಮುಂದೆ, ಕೆಲಸ ಕೇಳಲು ಬಂದವಳಂತೆ, ಕೈಕಟ್ಟಿ ನಿಂತಳು.

ನರೇಶ್ ಒಳ್ಳೆಯ ವಿದ್ಯಾರ್ಥಿಯಾಗಿಬಿಟ್ಟಿದ್ದ. ಮೊದಲ ದಿನಗಳ ಮುಜುಗರ ಕರಗಿ, ತಡವರಿಸದೆ ಉತ್ತರಿಸುವ ಹೆಮ್ಮೆ ಬಂದಿತ್ತು. ಉತ್ತರದಲ್ಲಿ ಒಂದು ಸಣ್ಣ ವಿವರ ಸೇರಿಸಿದರೆ ಅಧಿಕಾರಿಗಳು ಬೇಗ ನಂಬುತ್ತಾರೆಂದು ಸಂಗಣ್ಣ ಕಲಿಸಿದ್ದ. ಅವನು ವಿವರಗಳನ್ನು ಧಾರಾಳವಾಗಿ ಸೇರಿಸತೊಡಗಿದ. ಒಂದು ಸಂಜೆ ಶಾಂಭವಿ, ಪಟ್ಟಿಯ ಸಾಮಾನ್ಯ ಪ್ರಶ್ನೆಯೆಂಬಂತೆ, ಮದುವೆಯ ದಿನ ನಿಮ್ಮ ಅತ್ತೆ ಎಲ್ಲಿದ್ದರು ಎಂದು ಕೇಳಿದಳು.

“ಛತ್ರದ ಉಗ್ರಾಣದಲ್ಲಿ,” ಎಂದ ನರೇಶ್ ಥಟ್ಟನೆ. “ಅಕ್ಕಿ ಮೂಟೆ ಪಕ್ಕ ಕೂತಿದ್ರು. ಕೈಯಲ್ಲಿ ಹೂವಿನ ಪೊಟ್ಟಣ ಇತ್ತು.”

“ಅಲ್ಲಿ ಕೂರಿಸಿದ್ದು ಯಾರು?”

ಬಾಯಿ ತಪ್ಪಿತೆಂದು ಅವನಿಗೆ ಆಗ ಅರಿವಾಯಿತು. ಬೈರಮ್ಮನ ಬೆರಳಲ್ಲಿ ಅವರೆಕಾಯಿ ಅರ್ಧ ಬಿರಿದು ನಿಂತಿತು. ಉಗ್ರಾಣದ ಸಂಗತಿ ತಿಳಿಯದ ಸಂಗಣ್ಣ ಮಾತ್ರ ಕಸುಬಿನ ಅಭ್ಯಾಸಬಲದಿಂದ ಒತ್ತಾಯಿಸಿದ: “ಹೇಳಿ ಸಾರ್, ಇಲ್ಲಿ ನಿಂತ್ರೆ ಅಲ್ಲೂ ನಿಲ್ತೀರಿ. ಅಲ್ಲಿ ನಿಂತ್ರೆ ರಿಜೆಕ್ಟು.”

“ನಾನೇ,” ಎಂದ ನರೇಶ್.

“ಏನಂತ ಹೇಳಿ ಕೂರಿಸಿದ್ರಿ?”

“ಅಪ್ಪನ ಕಡೆಯೋರೆಲ್ಲ ಬಂದಿದ್ರಲ್ಲ, ಅದಕ್ಕೆ...” ಅವನು ನೆಲ ನೋಡಿದ. “ನಿಮ್ಮ ಮಗಳೇ ಹೇಳಿದ್ಲು ಅಂದೆ. ನೆಂಟರ ಮುಂದೆ ಅವಳಿಗೆ ಮುಜುಗರ ಆಗತ್ತಂತೆ, ಊಟ ಮುಗಿಯೋ ತನಕ ಇಲ್ಲೇ ಇರ್ಬೇಕಂತೆ ಅಂತ.”

ಬಾಟಲಿಯ ನೀರು, ಎರವಲು ಕುರ್ಚಿ, ಫೋನಿನ ಆ ತುಂಡು ಮಾತು, ಎಲ್ಲವೂ ಒಂದೊಂದಾಗಿ ಬಂದು ಶಾಂಭವಿಯ ಮುಂದೆ ನಿಂತವು. ತಾನು ಛತ್ರದಲ್ಲಿ ತಾಯಿಗಾಗಿ ಕಣ್ಣು ಹೊರಳಿಸುತ್ತಿದ್ದ ಆ ಗಳಿಗೆಯಲ್ಲಿ, ಗೋಡೆಯ ಆಚೆ ತಾಯಿ ಮಗಳ ಅಪ್ಪಣೆಯನ್ನು ಪಾಲಿಸುತ್ತ ಕುಳಿತಿದ್ದಳು. ಅವಳು ಸಂಗಣ್ಣನ ಕಡೆ ತಿರುಗಿ, ಮುಂದಿನ ಪ್ರಶ್ನೆ ಯಾವುದೆಂದು ಕೇಳಿದಳು. ಮಂಚದ ಯಾವ ಬದಿಯಲ್ಲಿ ಯಾರು ಮಲಗುತ್ತಾರೆ ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಇಬ್ಬರೂ ಸರಿಯಾಗಿ ಉತ್ತರಿಸಿದರು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಲ್ಯಾಪ್‌ಟಾಪಿನ ಮುಂದೆ ತುಸು ಹೊತ್ತು ಕುಳಿತೆದ್ದು, ಅವಳು ಗಂಡನಿಗೆ ಇನ್ನೊಂದೇ ಅಭ್ಯಾಸ ಬಾಕಿಯಿದೆ ಎಂದಳು. ನಿನ್ನೆ ಹೇಳಿದ ಮಾತನ್ನು, ನಿನ್ನೆ ಹೇಳಿದಂತೆಯೇ, ತನ್ನ ತಾಯಿಯ ಮುಂದೆ ನಿಂತು ಹೇಳಬೇಕು. ಅಲ್ಲಿ ಹೇಳಬಲ್ಲವನು ಯಾವ ಅಧಿಕಾರಿಯ ಮುಂದೆಯೂ ಹೇಳಬಲ್ಲ. ಬೈರಮ್ಮ ಅಡ್ಡ ನಿಂತಳು. ಅವಳ ಗುಡಿಸಲಿಗೆ ನಮ್ಮ ಮನೆ ಗಂಡಸು ಹೋಗಿ ತಪ್ಪೊಪ್ಪಿಕೊಳ್ಳುವುದೇ ಎಂದಳು. ನರೇಶ್ ಕಾರಿನ ಬೀಗದಕೈ ತೆಗೆದುಕೊಂಡ. ಅವನ ಲೆಕ್ಕದಲ್ಲಿ ಇದು ಕೊನೆಯ ಸುಂಕ. ಇದನ್ನು ತೆತ್ತರೆ ಗೇಟು ತೆರೆಯುತ್ತದೆ.

ಹೊಳೆವ್ವನ ಕೋಣೆ ಹೂಡಿ ಕೆರೆಯ ಹಿಂದಿನ ಶೀಟಿನ ಮನೆಗಳ ಸಾಲಿನಲ್ಲಿತ್ತು. ಕೊಪ್ಪಳ, ರಾಯಚೂರು, ಬಾಗಲಕೋಟೆಯ ಕಡೆಯಿಂದ ಕೆಲಸಕ್ಕೆ ಬಂದವರ ಸಾಲು ಅದು. ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಅಳಿಯನನ್ನು ಕಂಡು ಧಡಕ್ಕನೆ ಎದ್ದು ಸೆರಗು ಹೊದ್ದುಕೊಂಡಳು.

“ಬರ್ರಿ ಸಣ್ಣ ಧಣೇರ. ನಿಂತಿರ್ರಿ, ಕುರ್ಚಿ ತರ್ತೀನಿ.”

“ಕುರ್ಚಿ ಬ್ಯಾಡವ್ವಾ,” ಎಂದು ಶಾಂಭವಿ ತಾಯಿಯನ್ನು ಕೂರಿಸಿ, ತಾನೂ ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತಳು. “ಅವರು ನಿಂತಽ ಹೇಳ್ತಾರ. ನೀ ಕೇಳು.”

ನರೇಶ್ ಹೇಳಿದ. ಅಭ್ಯಾಸ ಫಲಿಸಿತ್ತು, ಎಲ್ಲಿಯೂ ತಡವರಿಸಲಿಲ್ಲ. ಉಗ್ರಾಣದಲ್ಲಿ ಕೂರಿಸಿದ್ದು ತಾನು, ಶಾಂಭವಿ ಹಾಗೆ ಹೇಳಿಯೇ ಇರಲಿಲ್ಲ, ಅವಳಿಗೆ ಸುಳ್ಳು ಹೇಳಿದ್ದೂ ತಾನೇ ಎಂದ. ಹಂಚಿನ ಮೇಲಿನ ರೊಟ್ಟಿ ಸೀದ ಮೇಲೆ ಹೊಳೆವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

“ಇಕಿ ಅಂದಿದ್ದಿಲ್ಲಾ?”

“ಇಲ್ಲ.”

“ಅಳಕೋತ ಅಂದ್ಲು ಅಂತ ಹೇಳಿದ್ರಿ ನೀವು.”

“ಅದೂ ನಾನೇ ಸೇರಿಸಿದ್ದು.”

“ಒಂದು ವರ್ಷ ಆತು,” ಎಂದಳು ಹೊಳೆವ್ವ. ಅವಳ ದನಿ ಏರಲಿಲ್ಲ. “ನನ್ನ ಕೂಸಿಗೆ ನಾ ನಾಚಿಕಿ ಆಗೀನಿ ಅಂತ ತಿಳಕೊಂಡು ಉಂಡೀನಿ, ಮಲಗೀನಿ. ಮೂವತ್ತು ಮನಿ ಮುಸುರಿ ತಿಕ್ಕಿದ್ರೂ ನನಗ ಇಷ್ಟು ಹೊಲಸು ಹತ್ತಿದ್ದಿಲ್ಲ.”

ಶಾಂಭವಿ ತಾಯಿಯ ಹಿಟ್ಟಿನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನರೇಶ್ ಹಣೆ ಒರೆಸಿಕೊಂಡು, ಕಷ್ಟದ ಪರೀಕ್ಷೆ ಮುಗಿಸಿದವನ ಹಗುರದಲ್ಲಿ ಅವಳ ಕಡೆ ತಿರುಗಿ, ಸರಿಯಾಗಿ ಹೇಳಿದೆನೇ, ಮುಂಬಯಿಯ ಟಿಕೆಟ್ ಪ್ರಿಂಟ್ ತೆಗೆಸಲೇ ಎಂದು ಕೇಳಿದ.

“ಸರಿಯಾಗಿ ಹೇಳಿದ್ರಿ. ಸಂದರ್ಶನ ಮುಗೀತು,” ಎಂದಳು ಶಾಂಭವಿ. “ಮುಂಬಯಿಗೆ ಹೋಗೋದಿಲ್ಲ. ಅರ್ಜಿ ಹಾಕಿದೋಳು ನಾನು, ಹಿಂದಕ್ಕೆ ತಗೊಂಡೋಳೂ ನಾನೇ. ಬೆಳಿಗ್ಗೇನೇ ಕಾನ್ಸುಲೇಟಿಗೆ ಬರೆದು ಕಳಿಸಿದೆ.”

“ಬೆಳಿಗ್ಗೇನಾ? ಮತ್ತೆ ಇಲ್ಲಿಗ್ಯಾಕೆ ಕರ್ಕೊಂಡ್ಬಂದೆ ನನ್ನ?”

“ಅವ್ವನ ಎದೆಗೆ ಅದನ್ನ ಚುಚ್ಚಿದೋರು ನೀವು. ನೀವೇ ಬಂದು ಕೀಳಬೇಕಿತ್ತು. ಬೇರೆ ಯಾರು ಹೇಳಿದ್ರೂ ಆಕಿ ನಂಬ್ತಿರಲಿಲ್ಲ.”

“ಊರೋರಿಗೆ ಏನು ಹೇಳ್ಲಿ ಈಗ? ಫ್ಲೆಕ್ಸ್ ಹಾಕ್ಬಿಟ್ಟಿದಾರೆ ಕಣೇ.”

“ಅಲ್ಲಿನೋರ ಮುಂದೆ ಹೆಂಡ್ತಿಗೆ ಮುಜುಗರ ಆಗತ್ತಂತೆ, ಇಲ್ಲೇ ಇರ್ಬೇಕಂತೆ ಅಂತ ಹೇಳಿ.”

ನರೇಶ್ ಹೊಳೆವ್ವನ ಕಡೆ ನೋಡಿದ. ಅವಳು ಒಂದು ಮಾತು ಹೇಳಿದರೆ ಮಗಳು ಕರಗಬಹುದೆಂಬ ಲೆಕ್ಕ ಇನ್ನೂ ಅವನ ಮುಖದಲ್ಲಿತ್ತು. ಆ ಮನೆಯವರು ಏನು ಬೇಡಿದರೂ ಅವಳು ಇದುವರೆಗೆ ಇಲ್ಲವೆಂದದ್ದಿಲ್ಲ. ಹೊಳೆವ್ವ ಅವನನ್ನು ನೋಡಲಿಲ್ಲ. ಮಗಳಿಗೆ, ರೊಟ್ಟಿ ಆರುತ್ತದೆ, ಉಣ್ಣು ಎಂದಳು. ಶಾಂಭವಿ ರೊಟ್ಟಿ ಮುರಿದಳು. ಕೇಳುವವರಿಲ್ಲದ ಕೋಣೆಯಲ್ಲಿ ಅವನು ಇನ್ನೂ ಏನನ್ನೋ ಹೇಳುತ್ತಿದ್ದ. ಅಪ್ಪನ ಹೆಸರು, ಮಾನ, ವಕೀಲ ಎಂಬ ಪದಗಳು ಬಂದುಹೋದವು. ಕೊನೆಗೆ ತಗ್ಗಿದ ಬಾಗಿಲಿಗೆ ತಲೆ ಬಗ್ಗಿಸಿ ಹೊರಗೆ ಹೆಜ್ಜೆಯಿಟ್ಟ. ಹೊಳೆವ್ವ ಎದ್ದು ಹೋಗಿ, ಅವನ ಬೆನ್ನ ಹಿಂದೆ ತಗಡಿನ ಬಾಗಿಲನ್ನು ಮುಚ್ಚಿದಳು.